ಹಾವು ಕಡಿದ ಕಾಲಿನೊಳಗೆ ಉಳಿದ ಬೀಜ

“ಡಾಕ್ಟ್ರ, ಕಾಲು ಮೊದಲಿನಂಗ ಆಕ್ಕೈತೇನ್ರಿ?” ಹಾವು ಕಡಿದವರನ್ನು ಆಸ್ಪತ್ರೆಗೆ ತಂದ ಮನೆಮಂದಿ, ಜೀವಕ್ಕೆ ಅಪಾಯವಿಲ್ಲ ಎಂದು ಗೊತ್ತಾದ ಮೇಲೆ ಕೇಳುವ ಪ್ರಶ್ನೆ ಇದು. ಸವದತ್ತಿ ತಾಲೂಕಿನ ಮುನವಳ್ಳಿ ಸುತ್ತಿನ ಎರೆಹೊಲಗಳಲ್ಲಿ, ಮಲಪ್ರಭೆಯ ನೀರುಂಡ ಕಬ್ಬು, ಗೋವಿನಜೋಳದ ನಡುವೆ ಬರಿಗಾಲಲ್ಲಿ ದುಡಿಯುವವರಿಗೆ ಇದು ದೂರದ ಸಂಗತಿಯಲ್ಲ. 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯ ಎಂದು ಆದೇಶಿಸಿತು. ಸತ್ತವರು ಲೆಕ್ಕಕ್ಕಾದರೂ ಸಿಗುತ್ತಾರೆ. ಬದುಕಿ ಉಳಿದು, ಸೊರಗಿದ ಕಾಲೆಳೆಯುತ್ತ ಹೊಲಕ್ಕೆ ಹೋಗುವವರ ಬಗ್ಗೆ ಮಾತಾಡುವವರು ಕಡಿಮೆ.

ಮನೆಯವರ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. ಕೆಲವರ ಸ್ನಾಯು ಬೆರಗಾಗುವಷ್ಟು ಚೆನ್ನಾಗಿ ಮರಳಿ ಬೆಳೆಯುತ್ತದೆ, ಕೆಲವರದು ಬೆಳೆಯುವುದೇ ಇಲ್ಲ. ಯಾಕೆ ಹೀಗೆ ಎಂದು ಹುಡುಕಿದ ವಿಜ್ಞಾನಿಗಳು ಸಲಕರಣೆಯಾಗಿ ಬಳಸಿದ್ದೂ ಹಾವಿನ ವಿಷವನ್ನೇ.

ಸ್ನಾಯು ದುರಸ್ತಿಯನ್ನು ಅಭ್ಯಸಿಸುವ ಅನೇಕ ಪ್ರಯೋಗಾಲಯಗಳಲ್ಲಿ ನಾಗರಹಾವಿನ ಕುಲದ ವಿಷದಿಂದ ಬೇರ್ಪಡಿಸಿದ ಕಾರ್ಡಿಯೊಟಾಕ್ಸಿನ್ ಇರುತ್ತದೆ, ಇಲ್ಲವೇ ಆಸ್ಟ್ರೇಲಿಯಾದ ಟೈಗರ್ ಹಾವಿನ ನೋಟೆಕ್ಸಿನ್. ಅದನ್ನು ಸುಂಡಿಲಿಯ ಕಾಲಿನ ಸ್ನಾಯುವಿಗೆ ಚುಚ್ಚಿದರೆ ಎಳೆಗಳು ಬಲುಬೇಗ ಹರಿದು ಸಾಯುತ್ತವೆ. ಒಂದು ದಿನದೊಳಗೆ ಬಿಳಿ ರಕ್ತಕಣಗಳು ಮುತ್ತಿ ಸತ್ತದ್ದನ್ನು ತಿಂದು ತೆಗೆಯತೊಡಗುತ್ತವೆ. ಎರಡು ಮೂರು ದಿನಕ್ಕೆ ಹೊಸ ಕೋಶಗಳು ಎದ್ದು ಇಮ್ಮಡಿಸುತ್ತವೆ. ಐದಾರು ದಿನಕ್ಕೆ ಅವು ಒಂದಕ್ಕೊಂದು ಬೆಸೆದು ಸಣ್ಣ ಎಳೆಗಳಾಗುತ್ತವೆ. ಮೂರು ನಾಲ್ಕು ವಾರದಲ್ಲಿ ಸ್ನಾಯು ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬಂದಿರುತ್ತದೆ. ಉಳಿಯುವ ಕುರುಹು ಒಂದೇ: ಎಳೆಯ ಅಂಚಿನಲ್ಲಿರಬೇಕಾದ ಕೋಶಕೇಂದ್ರಗಳು ಹೊಸ ಎಳೆಯಲ್ಲಿ ನಟ್ಟನಡುವೆ ಸಾಲುಗಟ್ಟಿ ನಿಂತಿರುತ್ತವೆ.

ಹಾಗೆ ಎದ್ದುಬಂದ ಕೋಶಗಳು ಅಲ್ಲಿಯವರೆಗೆ ಎಲ್ಲಿದ್ದವು? 1961ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಅಲೆಕ್ಸಾಂಡರ್ ಮೌರೊ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಎಳೆಯ ಪೊರೆಗೂ ಅದನ್ನು ಸುತ್ತಿದ ಹೊರಗವಸಿಗೂ ನಡುವೆ, ಎಳೆಗೆ ಅಂಟಿಕೊಂಡಂತೆ ಮಲಗಿದ್ದ ಸಪೂರ ಕೋಶಗಳು ಅವರ ಕಣ್ಣಿಗೆ ಬಿದ್ದವು. ಅವುಗಳಿಗೆ ಸ್ಯಾಟಲೈಟ್ ಕೋಶ ಎಂದು ಹೆಸರಿಟ್ಟು, ಸ್ನಾಯುವನ್ನು ಮರಳಿ ಕಟ್ಟುವವು ಇವೇ ಇರಬಹುದೆಂದು ಕೆಲವೇ ಪುಟಗಳ ಟಿಪ್ಪಣಿಯಲ್ಲಿ ಬರೆದರು. ಅದೇ ವರ್ಷ ಬರ್ನಾರ್ಡ್ ಕಾಟ್ಜ್ ಕೂಡ ಬೇರೆಯಾಗಿ ಇವನ್ನು ಗಮನಿಸಿದ್ದರು.

ಬಯಲುಸೀಮೆಯ ಒಕ್ಕಲಿಗನಿಗೆ ಈ ಕೋಶಗಳ ಬಾಳು ಅಪರಿಚಿತವೇನಲ್ಲ. ಸುಗ್ಗಿಯ ಜೋಳವನ್ನೆಲ್ಲ ಉಣ್ಣದೆ, ಗಟ್ಟಿಕಾಳು ಆರಿಸಿ ಬಿತ್ತಲು ಎತ್ತಿಡುತ್ತಾನಲ್ಲ, ಅಂಥ ಬೀಜ ಇವು. ಬೆಳೆದು ನಿಂತ ಎಳೆಯ ಕೋಶಕೇಂದ್ರ ಮತ್ತೆ ಒಡೆಯಲಾರದು, ಕೊಯ್ದ ದಂಟು ಮತ್ತೆ ತೆನೆ ಬಿಡದ ಹಾಗೆ. ಬೀಜ ಮಾತ್ರ ವರ್ಷಗಟ್ಟಲೆ ಸುಮ್ಮನಿರುತ್ತದೆ. ಎಳೆ ಹರಿದಾಗ ಸುತ್ತಲಿನ ರಸಾಯನಗಳು ಬದಲಾಗುತ್ತವೆ, ಅದೇ ಮಳೆ. ಬಿಳಿ ರಕ್ತಕಣಗಳು ಹರಗಿ ಹಸನು ಮಾಡುತ್ತವೆ. ಮೊಳೆತವುಗಳಲ್ಲಿ ಹೆಚ್ಚಿನವು ಬೆಳೆಯಾಗಿ ಎಳೆಗೆ ಸೇರುತ್ತವೆ, ಕೆಲವು ಮಾತ್ರ ಹಿಂದಕ್ಕೆ ಸರಿದು ಮುಂದಿನ ಬಿತ್ತನೆಗೆ ಬೀಜವಾಗಿ ಮಲಗುತ್ತವೆ. ಹಾಗೆ ಸರಿಯದಿದ್ದರೆ ಎರಡನೆಯ ಗಾಯಕ್ಕೆ ಏನೂ ಉಳಿಯುತ್ತಿರಲಿಲ್ಲ.

ಮೌರೊ ಅವರ ಊಹೆಗೆ ಗಟ್ಟಿ ಪುರಾವೆ ಸಿಗಲು 50 ವರ್ಷ ಹಿಡಿಯಿತು. ಮೂಳೆಮಜ್ಜೆಯ ಕೋಶಗಳೂ ರಕ್ತನಾಳದ ಕೋಶಗಳೂ ಸ್ನಾಯು ಕಟ್ಟಬಲ್ಲವು ಎಂಬ ವಾದ ನಡುವೆ ಜೋರಾಗಿತ್ತು. 2011ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ರಾಮಕುಮಾರ್ ಸಾಂಬಶಿವನ್ ಮತ್ತು ಸಂಗಡಿಗರು ಸುಂಡಿಲಿಯ ಸ್ನಾಯುವಿನಲ್ಲಿ ಸ್ಯಾಟಲೈಟ್ ಕೋಶಗಳನ್ನಷ್ಟೇ ಕೊಂದು, ಬಳಿಕ ಗಾಯ ಮಾಡಿ ನೋಡಿದರು. ಸ್ನಾಯು ಮರಳಲಿಲ್ಲ, ಆ ಜಾಗವನ್ನು ಉರಿಯೂತದ ಕೋಶಗಳೂ ಕೊಬ್ಬೂ ತುಂಬಿಕೊಂಡವು. ಬೇರೆ ಸುಂಡಿಲಿಯ ಸ್ಯಾಟಲೈಟ್ ಕೋಶಗಳನ್ನು ತಂದು ಸೇರಿಸಿದಾಗ ಮತ್ತೆ ಬೆಳೆಯಿತು. ಅದೇ ವರ್ಷ ಇನ್ನೆರಡು ತಂಡಗಳೂ ಇದೇ ತೀರ್ಮಾನಕ್ಕೆ ಬಂದವು. ಸಾಂಬಶಿವನ್ ಮುಂದೆ ಬೆಂಗಳೂರಿನ ಆಕರಕೋಶ (ಸ್ಟೆಮ್ ಸೆಲ್) ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ಗೆ ಬಂದು ಸಂಶೋಧನೆ ಮುಂದುವರಿಸಿದರು. ಆ ಸಂಸ್ಥೆ ಕಟ್ಟುವುದರಲ್ಲಿ ಮುಂದಿದ್ದ ಜ್ಯೋತ್ಸ್ನಾ ಧವನ್ ಅವರ ಅಧ್ಯಯನದ ವಿಷಯವೂ ಈ ಕೋಶಗಳ ದೀರ್ಘ ನಿದ್ದೆಯೇ. ನಿದ್ದೆ ಎಂದರೆ ಬರಿದೇ ನಿಂತುಹೋಗುವುದಲ್ಲ, ಕೋಶ ಪ್ರಯತ್ನಪಟ್ಟು ಕಾಯ್ದುಕೊಳ್ಳುವ ಸ್ಥಿತಿ ಎಂಬ ತಿಳಿವಳಿಕೆಗೆ ಅಂಥ ಕೆಲಸ ನೆರವಾಗಿದೆ. ಪಕ್ಕದ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಕೆ. ವಿಜಯರಾಘವನ್ ಅವರ ತಂಡ 2017ರಲ್ಲಿ ಹಣ್ಣುನೊಣದ ಹಾರಾಟದ ಸ್ನಾಯುವಿನಲ್ಲೂ ಸ್ಯಾಟಲೈಟ್ ಕೋಶಗಳನ್ನು ಗುರುತಿಸಿತು. ಬೀಜ ಕಾಯ್ದಿಡುವ ಈ ಹಂಚಿಕೆ ಕೀಟದಿಂದ ಮನುಷ್ಯನವರೆಗೆ ಹಬ್ಬಿದೆ.

ಹಾಗಾದರೆ ಎಲ್ಲರ ಕಾಲೂ ಯಾಕೆ ಸರಿಯಾಗುವುದಿಲ್ಲ? ಕಾರ್ಡಿಯೊಟಾಕ್ಸಿನ್ ಎಳೆಯನ್ನು ಕೊಂದರೂ ಹೊರಗವಸು, ನರ, ರಕ್ತನಾಳ ಬಹುಮಟ್ಟಿಗೆ ಉಳಿಯುತ್ತವೆ, ಬೀಜವೂ ಉಳಿಯುತ್ತದೆ. ಮಂಡಲ ಜಾತಿಯ ಹಾವುಗಳ ವಿಷ ಬೇರೆ ಬಗೆಯದು. ಕೋಸ್ಟರಿಕಾದ ವಿಜ್ಞಾನಿ ಹೋಸೆ ಮರಿಯಾ ಗುಟಿಯೆರೆಸ್ ತಮ್ಮ ನಾಡಿನ ಇಂಥ ಹಾವಿನ ವಿಷವನ್ನು ದಶಕಗಳ ಕಾಲ ಅಭ್ಯಸಿಸಿ ತೋರಿಸಿದ್ದು ಇದನ್ನೇ: ಅದು ಎಳೆಯ ಜೊತೆಗೆ ಸಣ್ಣ ರಕ್ತನಾಳಗಳನ್ನೂ ಹೊರಗವಸನ್ನೂ ಕರಗಿಸುತ್ತದೆ. ನೆರೆ ಬಂದು ಮೇಲ್ಮಣ್ಣು ಕೊಚ್ಚಿಹೋಗಿ, ಒಡ್ಡು ಒಡೆದು, ಕಾಲುವೆ ಮುಚ್ಚಿದ ಹೊಲದಲ್ಲಿ ಬಿತ್ತಿದ್ದು ಏಳುತ್ತದೆಯೇ? ಸ್ನಾಯುವಿನ ಜಾಗದಲ್ಲಿ ನಾರು ಬೆಳೆದು ಕಾಲು ಬಿಗಿಯುತ್ತದೆ.

ಹಾಗಾದರೆ ಬೀಜದಂಥ ಕೋಶಗಳನ್ನು, ಅಂದರೆ ಆಕರಕೋಶಗಳನ್ನು (ಸ್ಟೆಮ್ ಸೆಲ್), ಹೊರಗಿನಿಂದ ಚುಚ್ಚಬಾರದೇ? ದೊಡ್ಡ ಊರುಗಳಲ್ಲಿ ಅಂಥ ಇಂಜೆಕ್ಷನ್ನಿನ ಜಾಹೀರಾತುಗಳಿಗೆ ಕೊರತೆಯಿಲ್ಲ. ಡುಷೆನ್ ಸ್ನಾಯುಕ್ಷಯದ ಮಕ್ಕಳಿಗೆ 1990ರ ದಶಕದಲ್ಲಿ ಹಲವು ದೇಶಗಳಲ್ಲಿ ಸ್ನಾಯುಕೋಶ ಚುಚ್ಚಿ ನೋಡಲಾಗಿತ್ತು. ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಬೇಗನೆ ಸತ್ತವು, ಉಳಿದವು ಸೂಜಿ ಹೋದ ಜಾಗ ಬಿಟ್ಟು ಹೆಚ್ಚು ಹರಡಲಿಲ್ಲ, ಮಕ್ಕಳ ಬಲ ಹೆಚ್ಚಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ರಕ್ತ ಸಂಬಂಧಿ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ರಕ್ತದ ಆಕರಕೋಶಗಳ ಕಸಿ ಮಾತ್ರ ಒಪ್ಪಿತ ಚಿಕಿತ್ಸೆ. ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು. ಹೊಲ ಮಾರಿ ಅಂಥ ಸೂಜಿಗೆ ದುಡ್ಡು ಸುರಿಯಬೇಡಿ.

ಕಾಲು ಉಳಿಸುವ ಕೆಲಸ ಕಡಿತವಾದ ಮೊದಲ ಗಂಟೆಗಳಲ್ಲೇ ಆಗಬೇಕು. ಪ್ರತಿವಿಷವು ರಕ್ತದಲ್ಲಿ ಹರಿಯುವ ವಿಷವನ್ನು ಕಟ್ಟಿಹಾಕುತ್ತದೆ. ಆಗಲೇ ಕರಗಿದ ಸ್ನಾಯುವನ್ನು ಮರಳಿ ತರಲಾರದು. ಹಗ್ಗ ಬಿಗಿದರೆ ರಕ್ತ ನಿಂತು ಉಳಿದ ಸ್ನಾಯುವೂ ಸಾಯುತ್ತದೆ. ಕೊಯ್ಯುವುದು, ಹೀರುವುದು, ನಾಟಿ ಔಷಧಿ ಹಚ್ಚುತ್ತ ಹೊತ್ತು ಕಳೆಯುವುದು ಬೇಡ. ಕಡಿದ ಕಾಲನ್ನು ಅಲುಗಾಡದಂತೆ ಹಲಗೆಪಟ್ಟಿಗೆ ಮೆತ್ತಗೆ ಕಟ್ಟಿ, ನಡೆಸದೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಸವದತ್ತಿಯ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.