ಧೂಪದಾಳದ ಮೂಕ ಹಕ್ಕಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಾತಾಡಿತು!

ಕಟಕಟಕಟಕಟ!

ಡಿಸೆಂಬರ್ ಕೊನೆಯ ವಾರ. ಮುಂಜಾನೆ ಒಂಬತ್ತು ಹೊಡೆದರೂ ಸೂರ್ಯ ಆಗಷ್ಟೇ ಕಣ್ಣು ಬಿಡುತ್ತಿದ್ದ. ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರ, ಓರಾಂಜೆರಿ ಎಂಬ ಉದ್ಯಾನ. ಇಳಕಲ್ ಸೀರೆ, ಎರಡು ಸ್ವೆಟರ್, ಮೇಲೊಂದು ಕೋಟು ಹಾಕಿಕೊಂಡು ನಿಂತಿದ್ದ ನನ್ನ ನೆತ್ತಿಯ ಮೇಲೆ ಆ ಸದ್ದು! ಒಣಗಿದ ಎರಡು ಬಿದಿರಿನ ಸೀಳುಗಳನ್ನು ಯಾರೋ ಒಂದೇ ಸಮ ಬಡಿದಂತೆ. ತಲೆ ಎತ್ತಿದೆ. ಎಲೆಯೆಲ್ಲ ಉದುರಿ ಬೋಳಾದ ದೊಡ್ಡ ಮರ. ತುದಿಯಲ್ಲಿ ಚಕ್ಕಡಿ ಗಾಲಿಯಷ್ಟು ಅಗಲದ ಕಟ್ಟಿಗೆಯ ಗೂಡು. ಗೂಡಿನೊಳಗೆ ಬಿಳಿ ಮೈ, ಕಪ್ಪು ರೆಕ್ಕೆಯಂಚು, ಕೆಂಪು ಕೊಕ್ಕು, ಕೆಂಪು ಕಾಲು.

“ಅಯ್ಯ, ಇದು ನಮ್ಮ ಧೂಪದಾಳದ ಕೊಕ್ಕರಿ ಅಲ್ಲೇನ್ರಿ!”

ಅಳಿಯಂದಿರು ನಕ್ಕರು. “ಹೌದ್ರಿ ಅತ್ತಿ, ಅದs. ಈ ಊರಾಗ ಇದನ್ನ ದೇವರಂಗ ನೋಡ್ಕೋತಾರ.”

ನನಗೆ ಕಾಲು ಕದಲಲಿಲ್ಲ. ನಮ್ಮ ಮನೆ ಇರುವುದು ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ. ಧೂಪದಾಳದ ಒಡ್ಡು ಕೂಗಳತೆಯ ದೂರ. ಬ್ರಿಟಿಷರ ಕಾಲದ ಆ ಕಲ್ಲಿನ ಒಡ್ಡು ಘಟಪ್ರಭೆಯನ್ನು ತಡೆದು ನಿಲ್ಲಿಸಿದೆಯಲ್ಲ, ಆ ಹಿನ್ನೀರಿಗೆ ನವೆಂಬರ್ ಬಂತೆಂದರೆ ಪರದೇಶದ ಹಕ್ಕಿಗಳು ಇಳಿಯುತ್ತವೆ. ಸುಮಾರು 30 ಚದರ ಕಿಲೋಮೀಟರಿನ ಈ ಜಾಗವನ್ನು ಸರ್ಕಾರ 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಸಾರಿತು. ಬೂದು ಮೈಯ ಡೆಮೊಸೆಲ್ ಕ್ರೇನ್‌ಗಳು ಬರುತ್ತವೆ, ಈ ಬಿಳಿ ಕೊಕ್ಕರೆಗಳೂ ಬರುತ್ತವೆ. ಮದುವೆಯಾಗಿ ಮೂಡಲಗಿಯಿಂದ ಈ ಊರಿಗೆ ಬಂದ ವರ್ಷದಿಂದ ಚಳಿಗಾಲದಲ್ಲಿ ಇವನ್ನು ನೋಡುತ್ತಲೇ ಬಂದಿದ್ದೇನೆ. ಆಳವಿಲ್ಲದ ನೀರಿನಲ್ಲಿ, ಕಡಲೆ ಹೊಲದ ಬದುವಿನಲ್ಲಿ, ಒಂದೊಂದೇ ಹೆಜ್ಜೆ ಎಣಿಸಿ ಇಡುತ್ತ ನಡೆಯುವ ಹಕ್ಕಿ. ಅಷ್ಟು ವರ್ಷಗಳಲ್ಲಿ ಒಂದು ದಿನ, ಒಂದೇ ಒಂದು ದಿನ, ಅದರ ದನಿ ನನ್ನ ಕಿವಿಗೆ ಬಿದ್ದದ್ದಿಲ್ಲ. ಮೂಕ ಹಕ್ಕಿ ಎಂದೇ ತಿಳಿದಿದ್ದೆ.

ಆ ಮಾತು ಅರ್ಧ ನಿಜವಂತೆ! ಕೂಗಲು ಬೇಕಾದ ಸ್ನಾಯುಗಳೇ ಇದರ ಕೊರಳಿನಲ್ಲಿ ಬೆಳೆದಿಲ್ಲ. ಇದು ಮಾತಾಡುವುದು ಕೊಕ್ಕು ಬಡಿದು, ಅದೂ ಹೆಚ್ಚಾಗಿ ತನ್ನ ಗೂಡಿನ ಮೇಲೆ, ತನ್ನ ಜೋಡಿಯ ಮುಂದೆ. ನಾನು ನೋಡುತ್ತಿದ್ದಂತೆಯೇ ಇನ್ನೊಂದು ಕೊಕ್ಕರೆ ಹಾರಿಬಂದು ಗೂಡಿನ ಅಂಚಿಗೆ ಇಳಿಯಿತು. ಕೂಡಲೇ ಎರಡೂ ಕತ್ತನ್ನು ಹಿಂದಕ್ಕೆ ಬಾಗಿಸಿದವು, ಬಾಗಿಸಿದವು, ನೆತ್ತಿ ಬೆನ್ನಿಗೆ ತಾಗುವಷ್ಟು ಬಾಗಿಸಿ ಕೊಕ್ಕನ್ನು ಆಕಾಶಕ್ಕೆ ಎತ್ತಿ ಮತ್ತೆ ಕಟಕಟಕಟ! ಬಂದವನಿಗೆ ಮನೆಯವಳ ಸ್ವಾಗತ. ನಮ್ಮೂರಿಗೆ ಬಂದಾಗ ಅತಿಥಿಯಂತೆ ಬಾಯಿ ಮುಚ್ಚಿಕೊಂಡು ಇರುವ ಜಾತಿ ಇದು. ಅದರ ಮನೆಯ ಮಾತು ಕೇಳಲು ನಾನು ಸುಮಾರು 7,000 ಕಿಲೋಮೀಟರ್ ಬರಬೇಕಾಯಿತು!

ನಾನು ಬಂದದ್ದು ಹಕ್ಕಿ ನೋಡಲೆಂದಲ್ಲ, ಮಗಳ ಬಾಣಂತನಕ್ಕೆ. ಅಳಿಯಂದಿರು ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದವರು, ಘಟಪ್ರಭೆಯನ್ನು ಕೂಡಿಕೊಳ್ಳುವ ಹಿರಣ್ಯಕೇಶಿಯ ದಂಡೆಯವರು. ಕೆಲಸ ಇಲ್ಲಿ. ಡಿಸೆಂಬರ್ ಮೊದಲ ವಾರ ಹೆರಿಗೆ, ಆಮೇಲೆ ಕ್ರಿಸ್‌ಮಸ್ ರಜೆ. ನಾನು ಬ್ಯಾಗಿನಲ್ಲಿ ಕಟ್ಟಿ ತಂದದ್ದು ಸಂಕೇಶ್ವರದ ಮೆಣಸಿನಕಾಯಿ ಪುಡಿ, ತವರಿನ ಕಡೆಯ ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಅಳ್ವಿ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಅಂಟು. ತುಪ್ಪ ಮಾತ್ರ ತರುವಂತಿರಲಿಲ್ಲ. ಯುರೋಪಿನ ಒಕ್ಕೂಟದ ದೇಶಗಳಿಗೆ ನಮ್ಮಲ್ಲಿಂದ ಹಾಲು, ತುಪ್ಪ ಒಯ್ಯಲು ಬಿಡುವುದಿಲ್ಲ. ತುಪ್ಪವಿಲ್ಲದೆ ಬಾಣಂತನವೇ? ಎದೆ ಧಸಕ್ಕೆಂದಿತ್ತು.

ಆದರೆ ಈ ಸೀಮೆಯ ಬೆಣ್ಣೆ! ಅಳಿಯಂದಿರು ಉಪ್ಪು ಹಾಕದ ಹಳದಿ ಬೆಣ್ಣೆ ನಾಲ್ಕು ಪೊಟ್ಟಣ ತಂದುಕೊಟ್ಟರು. ಸಣ್ಣ ಉರಿಯಲ್ಲಿಟ್ಟೆ. ಮೊದಲು ನೊರೆ, ಆಮೇಲೆ ಚಿಟಿಚಿಟಿ ಸದ್ದು, ಆಮೇಲೆ ಸದ್ದು ನಿಂತು ತಳದಲ್ಲಿ ಗಸಿ ಕೆಂಪಗಾಗುವ ಗಳಿಗೆ. ಹಾಕಲು ವೀಳ್ಯದೆಲೆ ಇರಲಿಲ್ಲ, ನಾಲ್ಕು ಕಾಳು ಮೆಂತ್ಯ ಹಾಕಿದೆ. ಪರಿಮಳ ಎದ್ದಿತು ನೋಡಿ! ಥೇಟ್ ನಮ್ಮ ಅಡುಗೆಮನೆಯ ಪರಿಮಳ. ಅದರಲ್ಲಿ ಅಂಟು ಬಿಟ್ಟೆ. ಮುತ್ತಿನಂತಿದ್ದ ಅಂಟು ಮಲ್ಲಿಗೆ ಮೊಗ್ಗಾಗಿ ಅರಳಿತು. ಕರಿದ ಅಂಟು, ಅದಕ್ಕೇ ಕರದಂಟು. ಗೋಕಾಕದ ಅಂಗಡಿಗಳಲ್ಲಿ ಇಂದು ಪೊಟ್ಟಣ ಕಟ್ಟಿ ಮಾರುವ ಸಿಹಿ, ಮೂಲದಲ್ಲಿ ಬಾಣಂತಿಯ ಬೆನ್ನಿಗೆ ಬಲ ಕೊಡಲು ಅಜ್ಜಿಯರು ಕಟ್ಟುತ್ತಿದ್ದ ಉಂಡೆಯ ಬಳಗದ್ದೇ ಅಲ್ಲವೇ. ಬೆಲ್ಲದ ಪಾಕ ಬಿಗಿಯಾಯಿತು, ಕೊಬ್ಬರಿ, ಗೋಡಂಬಿ, ಉತ್ತತ್ತಿ ಬಿತ್ತು, ತಟ್ಟೆಗೆ ಸುರಿದು ತಟ್ಟಿದೆ.

ಆಗ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಅಜ್ಜಿ. ಪರಿಮಳ ಮೆಟ್ಟಿಲಿಳಿದು ಅವರನ್ನು ಕರೆತಂದಿತ್ತು! ಅವರ ಕೈಯಲ್ಲೂ ಒಂದು ಡಬ್ಬಿ. ಸ್ಟ್ರಾಸ್‌ಬರ್ಗ್ ಇರುವ ಈ ಆಲ್ಸಾಸ್ ಸೀಮೆಯ ಮನೆಮನೆಯಲ್ಲೂ ಕ್ರಿಸ್‌ಮಸ್‌ಗೆ ಬೇಯಿಸುವ ಬ್ರೆಡೆಲೆ ಎಂಬ ಪುಟ್ಟ ಬಿಸ್ಕತ್ತುಗಳು, ಬೆಣ್ಣೆ, ಬಾದಾಮಿ, ದಾಲ್ಚಿನ್ನಿಯವು. ಡಬ್ಬಿ ಬದಲಾದವು. ಅಜ್ಜಿ ಕೂಸಿನ ಕೆನ್ನೆ ಮುಟ್ಟಿ ಏನೋ ಅಂದರು. ಮಗಳು ತಿಳಿಸಿ ಹೇಳಿದಳು: “ಅವ್ವಾ, ಕೊಕ್ಕರಿ ಭಾಳ ಚೊಲೋ ಕೂಸು ತಂದೈತಿ ಅಂತಾರ.”

ಈ ಸೀಮೆಯಲ್ಲಿ ಕೂಸನ್ನು ಮನೆಗೆ ತರುವುದು ಬಿಳಿ ಕೊಕ್ಕರೆ. ತಂಗಿಯೋ ತಮ್ಮನೋ ಬೇಕೆಂದರೆ ಮಕ್ಕಳು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಒಂದು ತುಂಡು ಸಕ್ಕರೆ ಇಡುತ್ತಿದ್ದರಂತೆ, ಕೊಕ್ಕರೆಗೆ ಕಾಣಲೆಂದು. ಧೂಪದಾಳದ ಹೊಲದಲ್ಲಿ ಕಪ್ಪೆ, ಮಿಡತೆ ಹೆಕ್ಕುವ ಹಕ್ಕಿಗೆ ಇಲ್ಲಿ ಎಂಥ ಗೌರವ!

ಅಂಥ ಹಕ್ಕಿಯೇ ಈ ಸೀಮೆಯಿಂದ ಅಳಿದುಹೋಗುವುದರಲ್ಲಿತ್ತು ಎಂದು ಅಳಿಯಂದಿರು ಹೇಳಿದಾಗ ನಾನು ನಂಬಲಿಲ್ಲ. ಜವುಗು ನೆಲ ಬತ್ತಿತು, ವಿದ್ಯುತ್ ತಂತಿ ಬಡಿದು ಸತ್ತವು, ಚಳಿಗಾಲಕ್ಕೆಂದು ಹೋದ ಆಫ್ರಿಕಾದಲ್ಲಿ ಬರಗಾಲ ಬಿತ್ತು. 1974ರಲ್ಲಿ ಇಡೀ ಆಲ್ಸಾಸ್‌ನಲ್ಲಿ ಉಳಿದದ್ದು ಬರೀ 9 ಜೋಡಿ! 1974! ನಮ್ಮ ಹಿನ್ನೀರು ಪಕ್ಷಿಧಾಮವಾದ ಅದೇ ವರ್ಷ! ಇಲ್ಲಿಯವರು ಕೈಕಟ್ಟಿ ಕೂರಲಿಲ್ಲ. ಮರಿಗಳನ್ನು ಬಲೆಯ ಆವರಣದಲ್ಲಿಟ್ಟು ಮೂರು ವರ್ಷ ಸಾಕಿದರು. ಆ ಹೊತ್ತಿಗೆ ದೂರ ಹಾರಿಹೋಗುವ ಸೆಳೆತವೇ ಕುಂದಿ ಅವು ಊರಿನಲ್ಲೇ ಜೋಡಿಯಾಗಿ ಗೂಡು ಕಟ್ಟಿದವು. ಇಂದು ಜೋಡಿಗಳ ಲೆಕ್ಕ ನೂರುಗಳಲ್ಲಿ. ನಾನು ಡಿಸೆಂಬರ್ ಚಳಿಯಲ್ಲಿ ಅವನ್ನು ಗೂಡಿನ ಮೇಲೆ ಕಂಡದ್ದು ಹೀಗೆ.

ಧೂಪದಾಳಕ್ಕೆ ಬರುವವು ಇದೇ ಮನೆಯವೇ? ಅಲ್ಲ. ಪಶ್ಚಿಮ ಯುರೋಪಿನ ಕೊಕ್ಕರೆಗಳು ಜಿಬ್ರಾಲ್ಟರ್ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ. ನೆಲ ಕಾದು ಮೇಲೇಳುವ ಬಿಸಿಗಾಳಿಯ ಮೇಲೆ ತೇಲುವ ಹಕ್ಕಿ ಇದು, ಸಮುದ್ರದ ಮೇಲೆ ಆ ಗಾಳಿ ಸಿಗದು, ಹಾಗಾಗಿ ನೀರು ಕಿರಿದಾದಲ್ಲಿ ದಾಟುತ್ತದೆ. ಭಾರತದತ್ತ ತಿರುಗುವವು ಇದೇ ಜಾತಿಯ, ಇನ್ನೂ ಪೂರ್ವದಲ್ಲಿ ಮನೆ ಮಾಡಿದ ಹಿಂಡುಗಳು. ಹಾಗೆಂದು ನಂಟು ಪೂರ್ತಿ ಕಡಿದಿಲ್ಲ: ಜರ್ಮನಿಯಲ್ಲಿ ಕಾಲಿಗೆ ಉಂಗುರ ತೊಡಿಸಿದ್ದ ಒಂದು ಮರಿ ರಾಜಸ್ಥಾನದ ಬಿಕಾನೇರ್‌ನಲ್ಲಿ ಸಿಕ್ಕ ದಾಖಲೆಯಿದೆ! ಬೀಗರೆನ್ನಿ, ದಾಯಾದಿಗಳೆನ್ನಿ.

ಇನ್ನೊಂದು ಸಂಗತಿ ಕೇಳಿ ಮೈ ಜುಮ್ಮೆಂದಿತು. ಚಳಿಗಾಲದಲ್ಲಿ ಹಕ್ಕಿಗಳು ಎಲ್ಲಿ ಮಾಯವಾಗುತ್ತವೆ ಎನ್ನುವುದೇ ಯುರೋಪಿನವರಿಗೆ ಶತಮಾನಗಳ ಕಾಲ ಒಗಟಾಗಿತ್ತು. ಕೆರೆಯ ಕೆಸರಿನಲ್ಲಿ ಮಲಗುತ್ತವೆ ಎಂದೂ ನಂಬಿದ್ದರು. 1822ರಲ್ಲಿ ಜರ್ಮನಿಯಲ್ಲಿ ಒಂದು ಬಿಳಿ ಕೊಕ್ಕರೆ ಸಿಕ್ಕಿತು, ಕುತ್ತಿಗೆಯಲ್ಲಿ ನೆಟ್ಟ ಆಫ್ರಿಕಾದ ಈಟಿಯ ಸಮೇತ! ಆ ಗಾಯವನ್ನು ಹೊತ್ತುಕೊಂಡೇ ಅದು ಮನೆಗೆ ಹಾರಿ ಬಂದಿತ್ತು. ಅದರ ಒಡಲನ್ನು ಇಂದಿಗೂ ರಾಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ.

ನಗರವನ್ನೂ ನೋಡಿದೆ, ನೋಡದೆ ಇರುವುದುಂಟೇ. 1570ರಿಂದ ನಡೆದುಬಂದ ಕ್ರಿಸ್‌ಮಸ್ ಸಂತೆ, ಕಟ್ಟಿಗೆಯ ಗೂಡಂಗಡಿಗಳ ಸಾಲು ಸಾಲು. ಒಂದು ಅಂಗಡಿಯಲ್ಲಿ ಬಣ್ಣ ಬಳಿದ ಕಟ್ಟಿಗೆಯ ಗೊಂಬೆಗಳನ್ನು ಕಂಡು ಗೋಕಾಕದ ಜೀನಗಾರರು ಮಾಡುವ ಹಗುರ ಕಟ್ಟಿಗೆಯ ಹಣ್ಣು, ಗೊಂಬೆಗಳು ನೆನಪಾಗಿ ಕೈಗೆತ್ತಿಕೊಂಡು ಸುಮ್ಮನೆ ನಿಂತುಬಿಟ್ಟೆ. ಆಮೇಲೆ ಈ ನಗರದ ಮಹಾ ಚರ್ಚು! 142 ಮೀಟರ್ ಎತ್ತರದ ಒಂದೇ ಗೋಪುರ. 1647ರಿಂದ 1874ರವರೆಗೆ ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ. ನಮ್ಮ ಗೋಕಾಕ ಜಲಪಾತ ಧುಮುಕುವುದು 52 ಮೀಟರ್, ಅಂಥ ಮೂರು ಜಲಪಾತಗಳನ್ನು ಒಂದರ ಮೇಲೊಂದು ಇಟ್ಟರೆ ತುಸು ಹೆಚ್ಚಾದೀತು. ಗೋಡೆಗೆ ಅಂಗೈ ಇಟ್ಟೆ. ಗುಲಾಬಿ ಬಣ್ಣದ ಮರಳುಗಲ್ಲು, ಹರಳು ಹರಳಾಗಿ ಅಂಗೈಗೆ ತಾಗುವ ಕಲ್ಲು. ಜಲಪಾತದ ದಂಡೆಯ ಬಂಡೆಯನ್ನೇ ಮುಟ್ಟಿದಂತಾಯಿತು!

ಮತ್ತೆ ಆ ಡೆಮೊಸೆಲ್ ಕ್ರೇನ್! ಅದು ಇಂಗ್ಲಿಷ್ ಹೆಸರೆಂದೇ ನಾನು ತಿಳಿದಿದ್ದೆ. ಡೆಮೊಸೆಲ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಕುಮಾರಿ, ಮದುವೆಯಾಗದ ಹುಡುಗಿ ಎಂದು ಮಗಳು ಹೇಳಿದಳು. ನಮ್ಮ ಶೇಂಗಾ ಹೊಲಗಳಲ್ಲಿ ಇಷ್ಟು ವರ್ಷ ಓಡಾಡಿದವಳ ಹೆಸರಿನ ಅರ್ಥ ಅವಳ ಹೆಸರಿನ ನಾಡಿಗೇ ಬಂದು ತಿಳಿದೆ.

ಉದ್ಯಾನದಿಂದಲೇ ಮನೆಯವರಿಗೆ ಫೋನ್ ಹಚ್ಚಿದ್ದೆ. ಅಲ್ಲಿ ಮಧ್ಯಾಹ್ನ ಒಂದೂವರೆ. ಫೋನನ್ನು ಮರದತ್ತ ಎತ್ತಿ ಹಿಡಿದೆ. “ಏನದು ಸಪ್ಪಳ?” ಅಂದರು. “ನಮ್ಮ ಕೊಕ್ಕರಿ ಮಾತಾಡಾಕತ್ತೇತಿ ಕೇಳ್ರಿ” ಅಂದೆ. ಅವರು ಬಹಳ ಹೊತ್ತು ಕೇಳಿದರು. ಸಂಜೆ ಒಡ್ಡಿನ ಹತ್ತಿರ ಹೋಗಿ ಒಂದು ಚಿತ್ರ ಕಳಿಸಿದರು: ಹಿನ್ನೀರಿನಂಚಿನಲ್ಲಿ ಮೂರು ಬಿಳಿ ಕೊಕ್ಕರೆ, ಬಾಯಿ ಮುಚ್ಚಿಕೊಂಡು.

ಅಂದು ರಾತ್ರಿ ಕೂಸು ಮಲಗಿದ ಮೇಲೆ ಕಿಟಕಿ ತೆರೆದು ಹೊರಗಿನ ಕಟ್ಟೆಯ ಮೇಲೆ ಒಂದು ತುಂಡು ಕರದಂಟು ಇಟ್ಟೆ. ಇವರ ಮಕ್ಕಳು ಕೇಳಿಕೊಳ್ಳಲು ಇಡುತ್ತಿದ್ದರು, ನನ್ನದು ಕೊಟ್ಟದ್ದಕ್ಕೆ ಬಾಗಿನ. ಬೆಳಿಗ್ಗೆ ಎದ್ದು ನೋಡಿದರೆ ಗುಬ್ಬಿಗಿಂತ ಚಿಕ್ಕದೊಂದು ಹಕ್ಕಿ, ನೆತ್ತಿಗೆ ನೀಲಿ ಟೊಪ್ಪಿಗೆ, ಎದೆ ಹಳದಿ, ಕಟ್ಟೆಯ ಮೇಲೆ ಕುಳಿತು ಬೆಲ್ಲದೊಳಗಿನ ಕೊಬ್ಬರಿಯನ್ನು ಎಳೆ ಎಳೆಯಾಗಿ ಬಿಡಿಸಿ ತಿನ್ನುತ್ತಿತ್ತು.