ಲಿಥಿಯಂ ಬ್ಯಾಟರಿಯಲ್ಲಿ ಕೋಶಗಳ ಸಮತೋಲನ

೨೦೨೨ರ ಮಾರ್ಚ್ ೨೬ರಂದು ನಮ್ಮ ಪುಣೆಯ ಲೋಹಗಾಂವ ಭಾಗದಲ್ಲಿ ರಸ್ತೆಯ ಬದಿಗೆ ನಿಲ್ಲಿಸಿದ್ದ ವಿದ್ಯುತ್ ಸ್ಕೂಟರೊಂದು ಹೊತ್ತಿ ಉರಿಯಿತು. ಆ ವರ್ಷ ದೇಶದ ಬೇರೆ ಊರುಗಳಲ್ಲಿಯೂ ಇಂಥ ಅವಘಡಗಳು ನಡೆದುದರಿಂದ, ಈ ವಾಹನಗಳ ಬ್ಯಾಟರಿಗೆ ಸಂಬಂಧಪಟ್ಟ ಎಐಎಸ್-೧೫೬ ಎಂಬ ಮಾನಕವನ್ನು ಬಿಗಿಗೊಳಿಸಲಾಯಿತು. ಈ ಮಾನಕಗಳನ್ನು ಪ್ರಕಟಿಸುವುದು ಪುಣೆಯ ವೇತಾಳ ಟೇಕಡಿಯ ಮೇಲಿರುವ ಆಟೊಮೋಟಿವ್ ರಿಸರ್ಚ್ ಅಸೋಸಿಯೇಶನ್ ಆಫ್ ಇಂಡಿಯಾ. ಹೊಸ ನಿಯಮಗಳಲ್ಲಿ ಬ್ಯಾಟರಿಯ ನಿಯಂತ್ರಣ ವ್ಯವಸ್ಥೆಗೆ ಮಹತ್ವದ ಸ್ಥಾನವಿದೆ. ಆ ವ್ಯವಸ್ಥೆ ಮಾಡುವ ಕೆಲಸಗಳಲ್ಲಿ ಒಂದಾದ ಸಮತೋಲನವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಾವು ಬ್ಯಾಟರಿಯೆಂದು ಕರೆಯುವುದು ಒಂದೇ ವಸ್ತುವಲ್ಲ. ಅದು ಅನೇಕ ಕೋಶಗಳ ಮಾಲೆ. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಜಾತಿಯ ಒಂದು ಕೋಶದ ಸಾಮಾನ್ಯ ಒತ್ತಡ ೩.೨ ವೋಲ್ಟ್. ಇಂಥ ನಾಲ್ಕನ್ನು ಸರಣಿಯಲ್ಲಿ ಜೋಡಿಸಿದರೆ ೧೨.೮ ವೋಲ್ಟ್ ಆಗುತ್ತದೆ; ಮನೆಯಂತೆ ಸಜ್ಜುಗೊಳಿಸಿದ ಪ್ರವಾಸವಾಹನದ ದೀಪ, ಫ್ಯಾನುಗಳಿಗೆ ಇದು ಸಾಕು. ಹದಿನಾರನ್ನು ಜೋಡಿಸಿದರೆ ಸ್ಕೂಟರಿಗೆ ಒದಗುವ ೫೧.೨ ವೋಲ್ಟ್ ಆಗುತ್ತದೆ.

ಸರಣಿಯಲ್ಲಿ ಎಲ್ಲ ಕೋಶಗಳ ಮೂಲಕವೂ ಒಂದೇ ಪ್ರವಾಹ ಹರಿಯುವುದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು. ೧೦೦ ಆಂಪಿಯರ್-ಗಂಟೆಯ ನಾಲ್ಕು ಕೋಶಗಳಲ್ಲಿ ಒಂದು ಮಾತ್ರ ಹತ್ತರಷ್ಟು ಹಿಂದುಳಿದಿದೆಯೆಂದು ಭಾವಿಸೋಣ. ಕೋಶದ ಒತ್ತಡ ೩.೬೫ ವೋಲ್ಟನ್ನು ಮೀರಬಾರದು. ಆದುದರಿಂದ ಮೂರು ತುಂಬಿದೊಡನೆ ಚಾರ್ಜು ನಿಲ್ಲಬೇಕು, ನಾಲ್ಕನೆಯದು ತೊಂಬತ್ತರಲ್ಲಿಯೇ ಉಳಿಯುತ್ತದೆ. ಬಳಸುವಾಗ ಅದೇ ಮೊದಲು ಬರಿದಾಗುತ್ತದೆ. ಉಳಿದ ಮೂರರಲ್ಲಿ ಹತ್ತು ಹತ್ತು ಇದ್ದರೂ ಇಡೀ ಮಾಲೆ ನಿಂತುಹೋಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮಾಲೆಯ ಒಟ್ಟು ಒತ್ತಡ ೧೪.೬ ವೋಲ್ಟ್ ಎಂದರೆ ನಾಲ್ಕೂ ೩.೬೫ ಇರಬಹುದು, ಅಥವಾ ಮೂರು ೩.೫ ಇದ್ದು ಒಂದು ೪.೧ಕ್ಕೆ ಏರಿರಬಹುದು. ಒಟ್ಟು ಮೊತ್ತ ತಾಳೆಯಾದ ಮಾತ್ರಕ್ಕೆ ಪ್ರತಿಯೊಂದು ಖಾತೆಯೂ ಸರಿಯೆನ್ನಲಾಗದೆಂಬುದು ನನ್ನಂಥ ಬ್ಯಾಂಕ್ ಅಧಿಕಾರಿಗೆ ಹೊಸ ಮಾತಲ್ಲ. ಮಿತಿಮೀರಿದ ಚಾರ್ಜು ಕೋಶವನ್ನು ಕೆಡಿಸುತ್ತದೆ, ಕಾಯಿಸುತ್ತದೆ. ಬೆಂಕಿಗೆ ದಾರಿಮಾಡಬಲ್ಲ ಕಾರಣಗಳಲ್ಲಿ ಅದೂ ಒಂದು. ಆದುದರಿಂದಲೇ ನಿಯಂತ್ರಣ ವ್ಯವಸ್ಥೆಯು ಪ್ರತಿಯೊಂದು ಸರಣಿಕೋಶದ ಒತ್ತಡವನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಸಮತೋಲನದಲ್ಲಿ ಎರಡು ವಿಧ. ಮುಂದಿರುವ ಕೋಶಗಳ ಹೆಚ್ಚಳವನ್ನು ರೋಧಕದ ಮೂಲಕ ಉಷ್ಣವಾಗಿ ಕಳೆಯುವುದು ಒಂದು. ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ಸಾಗಿಸುವುದು ಇನ್ನೊಂದು. ಎರಡನೆಯದಕ್ಕೆ ವೆಚ್ಚ ಹೆಚ್ಚು. ಮೊದಲನೆಯದು ಅಗ್ಗ, ಆದರೆ ನಿಧಾನ. ೧೦೦ ಮಿಲಿಆಂಪಿಯರಿನಂತೆ ಕಳೆಯುತ್ತ ಹೋದರೆ ಮೇಲಿನ ಹತ್ತು ಆಂಪಿಯರ್-ಗಂಟೆಯ ಅಂತರ ಅಳಿಯಲು ೧೦೦ ಗಂಟೆ ಬೇಕು. ಅಲ್ಲದೆ ಫಾಸ್ಫೇಟ್ ಕೋಶದ ಒತ್ತಡ ನಡುಮಟ್ಟದಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅಂತರವು ತುಂಬುವ ಹೊತ್ತಿಗೆ ಮಾತ್ರ ಸ್ಪಷ್ಟವಾಗಿ ಗೋಚರಿಸುತ್ತದೆ. ಯಾವಾಗಲೂ ಅರೆಚಾರ್ಜಿನಲ್ಲಿ ತಂತಿ ಕೀಳುವವರ ಬ್ಯಾಟರಿಗೆ ಸಮತೋಲನದ ಅವಕಾಶವೇ ಒದಗದು. ಇತರ ಜಾತಿಯ ಕೋಶಗಳ ವಿಷಯ ಬೇರೆ. ಅಲ್ಲಿ ತಯಾರಕರ ಸೂಚನೆಯೇ ಪ್ರಮಾಣ.

ಸಮತೋಲನವು ಮುಪ್ಪಾದ ಕೋಶಕ್ಕೆ ಯೌವನವನ್ನು ತಂದುಕೊಡಲಾರದೆಂಬುದನ್ನೂ ಮರೆಯಬಾರದು. ಬ್ಯಾಟರಿ ಕೊಳ್ಳುವವರು ಎಷ್ಟು ದೂರ ಓಡುತ್ತದೆಂದು ಕೇಳುವುದರೊಂದಿಗೆ, ಪ್ರತಿ ಕೋಶವನ್ನೂ ಅಳೆಯುವ ಏರ್ಪಾಡಿದೆಯೆ, ಸಮತೋಲನದ ಪ್ರವಾಹವೆಷ್ಟು ಎಂಬುದನ್ನೂ ಕೇಳತಕ್ಕದ್ದು. ಮಾಲೆಯ ಬಲವನ್ನು ನಿರ್ಣಯಿಸುವುದು ಅದರ ಅತ್ಯಂತ ದುರ್ಬಲ ಕೋಶವೇ.