ಯಂತ್ರಕ್ಕೆ ಸೋಮವಾರವಿಲ್ಲ: ಒಕ್ಕಲಿಗನ ದುಡಿಮೆ ಮತ್ತು ವಿಶ್ರಾಂತಿಯ ವಿಚಾರ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಒಕ್ಕಲಿಗರು ದುಡಿಮೆಗೆ ಹೆಸರಾದವರು. ಇಲ್ಲಿಯ ಕಬ್ಬು, ನಿಪ್ಪಾಣಿಯ ಬೀಡಿ ತಂಬಾಕು, ಅಥಣಿಯ ದ್ರಾಕ್ಷಿ ಇವೆಲ್ಲವೂ ಎಡೆಬಿಡದ ಆರೈಕೆಯನ್ನು ಬೇಡುವ ಬೆಳೆಗಳು. ಈಗ ಈ ಸೀಮೆಯಲ್ಲಿ ನೇಗಿಲಿನ ಕೆಲಸವನ್ನು ಟ್ರ್ಯಾಕ್ಟರು, ಕಪಿಲೆಯ ಕೆಲಸವನ್ನು ಪಂಪುಸೆಟ್ಟು, ಪೇಟೆಗೆ ಹೋಗಿ ಧಾರಣೆ ಕೇಳಿ ಬರುವ ಕೆಲಸವನ್ನು ಕೈಯಲ್ಲಿಯ ಮೊಬೈಲು ಮಾಡುತ್ತಿರುವವು. ಹಲವು ದಿನಗಳ ಉಳುಮೆಯು ಕೆಲವೇ ತಾಸುಗಳಲ್ಲಿ ಮುಗಿಯುವದು. ಹೀಗಿದ್ದರೂ ಊರಿನ ಯಾವ ಕಟ್ಟೆಯ ಮೇಲೆ ಕುಳಿತು ಕೇಳಿದರೂ "ಪುರುಸೊತ್ತಿಲ್ಲ" ಎಂಬ ಮಾತೇ ಕೇಳಿಬರುವದು. ಉಳಿದ ವೇಳೆಯು ಎಲ್ಲಿ ಹೋಯಿತು? ಇದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶವು.

ಎತ್ತಿನ ವಾರ

ಸೋಮವಾರ ದಿವಸ ಎತ್ತುಗಳನ್ನು ಹೂಡಬಾರದೆಂಬ ಕಟ್ಟಳೆಯು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿರುವದು. ಅದು ಶಿವನ ವಾರ. ಆ ದಿನ ಬಸವನ ಹೆಗಲ ಮೇಲೆ ನೊಗವಿಡಲಾಗದು. ಈ ಕಟ್ಟಳೆಯು ಎತ್ತಿಗಾಗಿ ಹುಟ್ಟಿದುದಾದರೂ ಅದರ ನೆರಳಿನಲ್ಲಿ ಒಕ್ಕಲಿಗನಿಗೂ ವಾರಕ್ಕೊಂದು ದಿನ ಬಿಡುವು ದೊರೆಯುತ್ತಿತ್ತು. ಎತ್ತು ದಣಿದರೆ ನೇಗಿಲು ನಿಲ್ಲುತ್ತಿತ್ತು. ಕತ್ತಲಾದರೆ ಕಪಿಲೆ ನಿಲ್ಲುತ್ತಿತ್ತು. ಶೀಗಿಹುಣ್ಣಿಮೆ, ಎಳ್ಳಮಾವಾಸ್ಯೆಗಳು ಬಂದರೆ ಮನೆಮಂದಿಯೆಲ್ಲ ಕೆಲಸವಿಲ್ಲದೆ ಹೊಲಕ್ಕೆ ಹೋಗಿ ಉಂಡು ಬರುತ್ತಿದ್ದರು.

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನ ಕಾಲವೇ ಲೇಸಾಗಿತ್ತೆಂದು ಯಾರೂ ತಿಳಿಯಬಾರದು. ಬೀಸುಕಲ್ಲು, ಕೊಡ, ಕುಡುಗೋಲುಗಳ ದುಡಿಮೆಯು ದೇಹವನ್ನು ಬೇಗನೆ ಸವೆಸುತ್ತಿತ್ತು. ಯಂತ್ರವನ್ನು ಹಗೆಯೆಂದು ಕಂಡು ನಾವು ಹಿಂದೆ ಹಾನಿಯನ್ನೇ ಪಡೆದಿರುವೆವು. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಜನಿಸಿ, ಬೆಳಗಾವಿಯಲ್ಲಿ ಸಾಯಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ೧೯೦೩ರ ಸುಮಾರಿಗೆ ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣವು ತಾಕಿದರೆ ನೆಲಕ್ಕೆ ವಿಷವೇರುವದೆಂದು ಒಕ್ಕಲಿಗರು ಅಂಜಿದರು. ನೇಗಿಲುಗಳು ಬಹುಕಾಲ ಮಾರಾಟವಾಗದೆ ಬಿದ್ದಿದ್ದವು. ಆ ಅಂಜಿಕೆಯು ಸುಳ್ಳಾಯಿತು. ಆದರೆ ಇಂದಿನ ತೊಡಕು ಬೇರೆ ತರಹದ್ದು. ಎತ್ತು ತನ್ನ ದಣಿವಿನಿಂದ ನಮಗೆ ಮಿತಿಯನ್ನು ಹಾಕಿಕೊಡುತ್ತಿತ್ತು. ಯಂತ್ರಕ್ಕೆ ದಣಿವೂ ಇಲ್ಲ, ಸೋಮವಾರವೂ ಇಲ್ಲ. ಮಿತಿಯನ್ನು ಈಗ ಒಕ್ಕಲಿಗನೇ ಹಾಕಿಕೊಳ್ಳಬೇಕು. ಹಾಕಿಕೊಳ್ಳದಿದ್ದರೆ ಯಂತ್ರವು ಉಳಿಸಿದ ವೇಳೆಯನ್ನೆಲ್ಲ ಮತ್ತಷ್ಟು ಕಬ್ಬು, ಮತ್ತಷ್ಟು ನೀರು, ಮತ್ತಷ್ಟು ಸಾಲವು ನುಂಗಿಬಿಡುವವು.

ರಾತ್ರಿಯ ನೀರು

ಪಂಪುಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ದಿನದ ಕೆಲವೇ ತಾಸು, ಸರದಿಯ ಪ್ರಕಾರ ದೊರೆಯುವದು. ಸರದಿಯು ರಾತ್ರಿಯಲ್ಲಿ ಬಂದಾಗ ಒಕ್ಕಲಿಗನು ನಡುರಾತ್ರಿಯಲ್ಲಿ ಎದ್ದು ಕಬ್ಬಿನ ಸಾಲುಗಳಲ್ಲಿ ನೀರು ತಿರುವಲು ಹೋಗುವನು. ಬೆಳಗಾದೊಡನೆ ಹಾಲು ಕರೆಯುವದು, ಮೇವು ತರುವದು, ಕೂಲಿಯವರನ್ನು ಕೂಡಿಸುವದು ಎಂದಿನಂತೆಯೇ ಕಾದಿರುವದು. ಪ್ರೌಢ ಮನುಷ್ಯನಿಗೆ ದಿನಕ್ಕೆ ೭ ತಾಸಿಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂಬದು ವೈದ್ಯರ ಮತವು. ನಿದ್ರೆಗೆಟ್ಟವನ ಕೈಯಲ್ಲಿ ಔಷಧ ಸಿಂಪಡಿಸುವ ಪಂಪಾಗಲಿ, ಟ್ರ್ಯಾಕ್ಟರಿನ ಸ್ಟೇರಿಂಗಾಗಲಿ ಕ್ಷೇಮವಲ್ಲ. ರಕ್ತದೊತ್ತಡ, ಸಿಹಿಮೂತ್ರ ರೋಗಗಳಿಗೂ ನಿದ್ರೆಗೇಡಿಗೂ ಸಂಬಂಧವುಂಟು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದರೋಗ ಸಂಶೋಧನ ಸಂಸ್ಥೆಯು ರಾತ್ರಿಪಾಳಿಯ ದುಡಿಮೆಯನ್ನು ಅರ್ಬುದಕ್ಕೆ ಬಹುಶಃ ಕಾರಣವಾಗುವ ಸಂಗತಿಗಳ ಗುಂಪಿನಲ್ಲಿ ೨೦೦೭ರಲ್ಲಿ ಸೇರಿಸಿ, ೨೦೧೯ರಲ್ಲಿ ಪುನಃ ಪರಿಶೀಲಿಸಿ ಆ ನಿರ್ಣಯವನ್ನೇ ಎತ್ತಿಹಿಡಿದಿರುವದು.

ಇದಕ್ಕೂ ಹತ್ತಿರದ ಅಪಾಯವು ಹಾವಿನದು. ೨೦೦೦ದಿಂದ ೨೦೧೯ರವರೆಗಿನ ೨೦ ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸುಮಾರು ೧೨ ಲಕ್ಷ ಜನರು ಮಡಿದರೆಂದು ಸಂಶೋಧಕರು ಅಂದಾಜು ಮಾಡಿರುವರು. ಅವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಸಂಗತಿಯೆಂದು ಸಾರಿತು. ಆದುದರಿಂದ ರಾತ್ರಿ ನೀರಿಗೆ ಹೋಗಲೇಬೇಕಾದವರು ಮೊಣಕಾಲವರೆಗಿನ ಬೂಟು, ಒಳ್ಳೆಯ ಬ್ಯಾಟರಿ, ಕೋಲು ಈ ಮೂರನ್ನು ಬಿಟ್ಟು ಹೋಗಬಾರದು, ಒಬ್ಬರೇ ಹೋಗಲೂಬಾರದು. ಹಾವು ಕಡಿದರೆ ಅಂಗವನ್ನು ಅಲುಗಾಡಿಸದೆ, ಹಗ್ಗದಿಂದ ಬಿಗಿಯದೆ, ಗಾಯವನ್ನು ಕೊಯ್ಯದೆ, ಮಂತ್ರಿಸುವವನಲ್ಲಿಗೆ ಹೋಗಿ ಹೊತ್ತು ಕಳೆಯದೆ ಕೂಡಲೆ ದವಾಖಾನೆಗೆ ಒಯ್ಯತಕ್ಕದ್ದು. ವಿಷವನ್ನಿಳಿಸುವ ಚುಚ್ಚುಮದ್ದು ಅಲ್ಲಿ ಮಾತ್ರ ದೊರೆಯುವದು.

ನಿಲ್ಲದ ಪಂಪು, ಸವಳಾದ ನೆಲ

ಈ ಕಷ್ಟಕ್ಕೆ ಪರಿಹಾರವಾಗಿ ತಾನೇ ಚಾಲೂ ಆಗುವ ಸ್ಟಾರ್ಟರುಗಳೂ ಮೊಬೈಲಿನಿಂದ ನಡೆಸುವ ಸ್ಟಾರ್ಟರುಗಳೂ ಬಂದಿರುವವು. ಒಕ್ಕಲಿಗನು ಮಲಗಿರಲು ಪಂಪು ತಾನಾಗಿ ನಡೆಯುವದು. ಇದು ಒಳ್ಳೆಯ ಸಾಧನವೇ ಸರಿ. ಆದರೆ ಚಾಲೂ ಮಾಡುವದನ್ನು ಯಂತ್ರಕ್ಕೆ ಒಪ್ಪಿಸಿದವರಲ್ಲಿ ಬಹಳ ಮಂದಿ ನಿಲ್ಲಿಸುವದನ್ನು ಯಾರಿಗೂ ಒಪ್ಪಿಸಿರುವದಿಲ್ಲ. ೧೦ ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತವಾದುದರಿಂದ ಹೆಚ್ಚು ಹರಿದ ನೀರಿನ ಲೆಕ್ಕವು ಬಿಲ್ಲಿನಲ್ಲಿ ಕಾಣುವದಿಲ್ಲ; ಅದು ನೆಲದಲ್ಲಿ ಕಾಣುವದು.

ಕೃಷ್ಣಾ ದಂಡೆಯ ಎರೆನೆಲವು ನೀರನ್ನು ಬೇಗನೆ ಬಸಿಯಗೊಡುವದಿಲ್ಲ. ಬೇಕಾದುದಕ್ಕಿಂತ ಹೆಚ್ಚು ನೀರು ನಿಂತರೆ ಅಂತರ್ಜಲವು ಮೇಲೇರಿ, ನೆಲದೊಳಗಿನ ಉಪ್ಪನ್ನು ಕರಗಿಸಿಕೊಂಡು ಮೇಲ್ಮೈಗೆ ಬರುವದು. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಉಳಿಯುವದು. ಹೀಗೆ ವರುಷದಿಂದ ವರುಷಕ್ಕೆ ಹೊಲವು ಸವಳಾಗಿ, ಮೊಳಕೆ ಏಳದಂತಾಗುವದು. ನದಿಗೆ ಸಮೀಪದ ಎಷ್ಟೋ ಗ್ರಾಮಗಳಲ್ಲಿ ಈ ರೋಗವು ಈಗಾಗಲೇ ತಗಲಿರುತ್ತದೆ. ವಿಶ್ರಾಂತಿಯಿಲ್ಲದ ದುಡಿಮೆಯಿಂದ ಮನುಷ್ಯನ ದೇಹವು ಕೆಡುವಂತೆಯೇ ವಿಶ್ರಾಂತಿಯಿಲ್ಲದ ನೀರಿನಿಂದ ನೆಲದ ದೇಹವೂ ಕೆಡುವದು. ಎರಡಕ್ಕೂ ಔಷಧ ಒಂದೇ: ಸಾಕೆಂಬುದನ್ನು ತಿಳಿದು ನಿಲ್ಲಿಸುವದು.

ಕಬ್ಬಿನ ಹಂಗಾಮು

ಸಕ್ಕರೆ ಕಾರಖಾನೆಗಳ ನುರಿಸುವ ಹಂಗಾಮು ಬಂತೆಂದರೆ ರಸ್ತೆಗಳ ಮೇಲೆ ಹಗಲಿರುಳೂ ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳ ಸಾಲೇ ಹರಿಯುವದು. ಕಾರಖಾನೆಯ ಅಂಗಳದಲ್ಲಿ ತಾಸುಗಟ್ಟಲೆ ಕಾದು, ನಿದ್ರೆಯಿಲ್ಲದೆ ಮರಳುವ ಚಾಲಕನು ತೂಕಡಿಕೆಯನ್ನು ಓಡಿಸುವದಕ್ಕಾಗಿ ಡೆಕ್ಕಿನ ಸಪ್ಪಳವನ್ನು ಏರಿಸುವನು. ಸಪ್ಪಳವು ನಿದ್ರೆಗೆ ಬದಲಾಗದು. ಹಿಂದೆ ಬರುವ ಬಂಡಿಯ ಹಾರನ್ನು ಕೇಳದಂತೆ ಮಾಡುವದು ಮಾತ್ರ. ಟ್ರ್ಯಾಕ್ಟರಿನ ಒಡೆಯರು ಪ್ರತಿ ಬಂಡಿಗೂ ಸರದಿಯ ಮೇಲೆ ಇಬ್ಬರು ಚಾಲಕರನ್ನಿಟ್ಟು, ಟ್ರೇಲರಿನ ಹಿಂಭಾಗಕ್ಕೆ ಹೊಳೆಯುವ ಪಟ್ಟಿಗಳನ್ನು ಅಂಟಿಸಿದರೆ ಖರ್ಚು ಸ್ವಲ್ಪ, ಉಳಿಯುವ ಪ್ರಾಣಗಳ ಬೆಲೆ ಅಪಾರ.

ಮನೆಯೊಳಗಿನ ದುಡಿಮೆ

ಇನ್ನೊಂದು ಮಾತನ್ನು ಲಕ್ಷ್ಯಕ್ಕೆ ತರುವದು ಅವಶ್ಯವು. ನಾವು ಕೊಂಡ ಯಂತ್ರಗಳಲ್ಲಿ ಹೆಚ್ಚಿನವು ಗಂಡಸರ ಕೆಲಸವನ್ನು ಹಗುರ ಮಾಡತಕ್ಕವು. ಕಳೆ ಕೀಳುವದು, ಸಗಣಿ ಬಾಚುವದು, ಹಾಲು ಕರೆಯುವದು ಇಂದಿಗೂ ಬಹಳ ಮನೆಗಳಲ್ಲಿ ಹೆಂಗಸರ ಕೈಯಿಂದಲೇ ಆಗುವವು. ನಿಪ್ಪಾಣಿಯ ಕಡೆ ಅನೇಕ ಮನೆಗಳಲ್ಲಿ ಇದೆಲ್ಲದರ ಮೇಲೆ ಬೀಡಿ ಕಟ್ಟುವ ಕೆಲಸವೂ, ತಂಬಾಕಿನ ಧೂಳೂ ಸೇರಿರುವವು. ಬೀಡಿ ಕಾರ್ಮಿಕರಿಗಾಗಿ ೧೯೬೬ರಲ್ಲಿ ಆದ ಕಾಯಿದೆಯು ಕಾರಖಾನೆಯೊಳಗಿನ ದುಡಿಮೆಗೆ ದಿನಕ್ಕೆ ೯ ತಾಸು, ವಾರಕ್ಕೆ ೪೮ ತಾಸುಗಳ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ಗೊತ್ತುಪಡಿಸಿತು. ಮನೆಯಲ್ಲಿ ದುಡಿಯುವ ಹೆಂಗಸಿಗೂ ಹೊಲದಲ್ಲಿ ದುಡಿಯುವ ಒಕ್ಕಲಿಗನಿಗೂ ಇಂಥ ಮಿತಿಯನ್ನು ಹೊರಗಿನವರು ಹಾಕಿಕೊಡಲಾರರು. ಮನೆಯವರೇ ಕೂಡಿ ಹಾಕಿಕೊಳ್ಳಬೇಕು. ಟ್ರ್ಯಾಕ್ಟರು ಕೊಂಡ ಮನೆಯಲ್ಲಿ ಹಾಲು ಕರೆಯುವ ಯಂತ್ರಕ್ಕೂ, ಕೈಯಿಂದ ನೂಕುವ ಕಳೆಗುಂಟೆಗೂ ಹಣ ಒದಗದೆ ಹೋಗಬಾರದು.

ಆಚರಣೆಗೆ ತರತಕ್ಕ ಮಾತುಗಳು

೧. ಸ್ಟಾರ್ಟರಿನೊಡನೆ ವೇಳೆಗೆ ಸರಿಯಾಗಿ ಪಂಪನ್ನು ನಿಲ್ಲಿಸುವ ಟೈಮರನ್ನೂ ಅವಶ್ಯವಾಗಿ ಕೂಡಿಸಿರಿ. ನೀರು ಕೊಡುವ ಮುಂಚೆ ಒಂದು ಗೇಣು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿರಿ. ಉಂಡೆಯಾಗಿ ನಿಂತರೆ ಆ ಸರದಿಯನ್ನು ಬಿಟ್ಟು ನಿಶ್ಚಿಂತೆಯಿಂದ ಮಲಗಿರಿ.

೨. ಕಬ್ಬಿಗೆ ಹನಿ ನೀರಾವರಿಯನ್ನು ಅಳವಡಿಸಿದರೆ ರಾತ್ರಿ ಸಾಲು ತಿರುವುವ ಕೆಲಸವೇ ತಪ್ಪುವದು. ರವದಿಯನ್ನು ಸುಡದೆ ಸಾಲುಗಳಲ್ಲಿ ಹೊದಿಸಿದರೆ ನೆಲದ ಹಸಿ ಉಳಿದು ನೀರಿನ ಸರದಿಗಳು ಕಡಿಮೆಯಾಗುವವು.

೩. ಸವಳು ಕಾಣಿಸಿದ ಹೊಲದ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಿರಿ. ಬಸಿಗಾಲುವೆ ತೋಡುವದು, ಡಯಂಚದಂಥ ಹಸುರೆಲೆ ಗೊಬ್ಬರದ ಬೆಳೆ, ಪರೀಕ್ಷೆಯಲ್ಲಿ ಹೇಳಿದರೆ ಜಿಪ್ಸಮ್ ಇವು ತಕ್ಕ ಉಪಾಯಗಳು.

೪. ಪಿ. ಎಂ. ಕುಸುಮ್ ಯೋಜನೆಯು ೨೦೧೯ರಲ್ಲಿ ಆರಂಭವಾಗಿ, ಸೂರ್ಯಶಕ್ತಿಯಿಂದ ಹಗಲಿನಲ್ಲಿ ನೀರೆತ್ತುವದಕ್ಕೆ ದಾರಿ ಮಾಡಿರುವದು. ಹಗಲಿನ ವಿದ್ಯುತ್ತಿಗಾಗಿ ಒಂದು ಫೀಡರಿನ ಒಕ್ಕಲಿಗರೆಲ್ಲರೂ ಕೂಡಿ ಅರ್ಜಿ ಮಾಡಿಕೊಂಡರೆ ಒಬ್ಬೊಬ್ಬರು ಅಲೆಯುವದಕ್ಕಿಂತ ಬೇಗ ಫಲಿಸುವದು.

೫. ಮೊಬೈಲಿನ ಉಪಯೋಗವನ್ನು ಅರಿತು ಮಾಡಿರಿ. ೨೦೦೫, ೨೦೧೯, ೨೦೨೧ರ ಮಹಾಪೂರಗಳಲ್ಲಿ ನದಿದಂಡೆಯ ಮೋಟರುಗಳನ್ನು ಎತ್ತುವ ಗಡಿಬಿಡಿಯು ಎಷ್ಟಿತ್ತೆಂಬದನ್ನು ಕಂಡವರು ಮರೆಯಲಾರರು. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಬರುವ ನೀರಿನ ಲೆಕ್ಕವನ್ನು ಮಳೆಗಾಲದಲ್ಲಿ ದಿನಾಲು ನೋಡಿ, ಮೋಟರನ್ನು ಹಗಲಿನಲ್ಲಿಯೇ ಮೇಲಕ್ಕೆ ತರುವದು ಜಾಣತನವು. ಆದರೆ ಇದೇ ಸಾಧನವು ರಾತ್ರಿ ಊಟವಾದ ಮೇಲೆ ಎರಡು ತಾಸಿನ ನಿದ್ರೆಯನ್ನು ಕಸಿದರೆ ಲಾಭವೆಲ್ಲ ನಷ್ಟವಾಗುವದು. ಊಟಕ್ಕೆ ಕೂಡುವ ಮುಂಚೆ ಅದನ್ನು ಒಂದು ಗೂಡಿನಲ್ಲಿಡುವ ಪದ್ಧತಿಯನ್ನು ಮನೆಯ ಹಿರಿಯರೇ ಮೊದಲು ಹಾಕಿಕೊಡಲಿ.

೬. ಯಾವ ಯಂತ್ರವನ್ನು ಕೊಳ್ಳುವ ಮೊದಲೂ ಎರಡು ಲೆಕ್ಕಗಳನ್ನು ಬರೆಯಿರಿ: ಅದರ ಕಂತನ್ನು ತೀರಿಸಲು ಎಷ್ಟು ದಿನ ದುಡಿಯಬೇಕು, ಅದು ಉಳಿಸುವ ದಿನಗಳೆಷ್ಟು. ಮೊದಲನೆಯದು ಹೆಚ್ಚಾದರೆ ಆ ಯಂತ್ರವನ್ನು ಬಾಡಿಗೆಗೆ ತರುವದೇ ಲೇಸು.

೭. ವಾರಕ್ಕೊಂದು ದಿನವನ್ನು ಗೊತ್ತು ಮಾಡಿರಿ. ಆ ದಿನ ದನಕರುಗಳ ಕೆಲಸ ಮತ್ತು ಅಡಿಗೆಗಳ ಹೊರತು ಬೇರೆ ದುಡಿಮೆ ಬೇಡ. ಅವುಗಳಲ್ಲಿಯೂ ಗಂಡಸರು ಕೈಗೂಡಿಸಲಿ.

ಒಕ್ಕಲುತನದ ಮೂಲಧನಗಳಲ್ಲಿ ನೆಲ, ನೀರು, ಬೀಜಗಳನ್ನು ನಾವು ಯಾವಾಗಲೂ ಎಣಿಸುವೆವು. ಒಕ್ಕಲಿಗನ ಮೈಯನ್ನೂ ಅವನ ಮನೆಯವಳ ಮೈಯನ್ನೂ ಎಣಿಸುವದಿಲ್ಲ. ಮೋಟರು ಸುಟ್ಟರೆ ಕಾಯಿಲು ಸುತ್ತಿಸಬಹುದು, ಟ್ರ್ಯಾಕ್ಟರು ಕೆಟ್ಟರೆ ಭಾಗಗಳು ಪೇಟೆಯಲ್ಲಿ ದೊರೆಯುವವು. ಮನುಷ್ಯನ ಮೈಗೆ ಅಂಥ ಅಂಗಡಿಯು ಯಾವ ಪೇಟೆಯಲ್ಲಿಯೂ ಇಲ್ಲ. ಎತ್ತಿಗೆ ಸೋಮವಾರವನ್ನು ಕೊಟ್ಟ ನಮ್ಮ ಹಿರಿಯರು ಕೆಲಸಗೇಡಿಗಳಾಗಿರಲಿಲ್ಲ. ಮಂಗಳವಾರ ನೇಗಿಲು ಆಳಕ್ಕೆ ಇಳಿಯಬೇಕಾದರೆ ಸೋಮವಾರ ಹೆಗಲು ಆರಬೇಕೆಂಬದನ್ನು ಬಲ್ಲವರಾಗಿದ್ದರು. ಅದೇ ಲೆಕ್ಕವನ್ನು ಯಂತ್ರದ ಕಾಲದಲ್ಲಿ ತಮ್ಮ ಮೈಗೂ ನೆಲಕ್ಕೂ ಅನ್ವಯಿಸಿಕೊಳ್ಳುವದು ಒಕ್ಕಲಿಗ ಬಂಧುಗಳ ಕೈಯಲ್ಲಿಯೇ ಇರುವದು.